ಅಪ್ಪ ಮತ್ತೆ ಕಿತ್ತಳೆ ಗಿಡ ಇಡ್ತೇನೆ ಅಂತ ಹಟ ಹಿಡಿದಿದ್ದಾರೆ, ಎಂಥ ಮಾಡೋದು?

ಸಿದ್ದಾಪುರದ_ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸಿದ್ದಾಪುರ ಹತ್ತಿರ 6 ಎಕರೆ. ರೋಬಸ್ಟ ಕಾಫಿ, ಮರಕ್ಕೆ ಮೆಣಸು, ನಡುನಡುವೆ ಅಜ್ಜ ಇಟ್ಟ ಕಿತ್ತಳೆ. ನಾನು ಶಾಲೆಗೆ ಹೋಗುವಾಗ ಕಿತ್ತಳೆ ಮರ ಇನ್ನೂರಕ್ಕೂ ಮೇಲೆ ಇತ್ತು. ಈ ಸಲ ಹುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ ಸುಮ್ಮನೆ ಎಣಿಸಿದೆ. 17. ಅದರಲ್ಲೂ ಐದಾರು ಮರ ತುದಿಯಿಂದ ಒಣಗ್ತಾ ಬರ್ತಾ ಉಂಟು.

ಅಪ್ಪನಿಗೆ 72 ವರ್ಷ. ಬರೋ ಮಳೆಗಾಲಕ್ಕೆ 100 ಕಿತ್ತಳೆ ಗಿಡ ಇಡ್ತೇನೆ ಅಂತ ಈಗಲೇ ಗುಂಡಿ ತೆಗೆಸಲಿಕ್ಕೆ ಆಳು ಹುಡುಕ್ತಾ ಇದ್ದಾರೆ. ಭಾವ ಬಂದು "ಅದೆಲ್ಲ ಬಿಡಿ, ಬೆಣ್ಣೆಹಣ್ಣು ಇಡಿ, ಬೆಂಗಳೂರಿನವರು ಬ್ರೆಡ್ಡಿಗೆ ಹಚ್ಚಿಕೊಂಡು ತಿಂತಾರೆ" ಅಂದ್ರು. ಅಲ್ಲಿಗೆ ಊಟದ ಹೊತ್ತಿಗೆ ಮಾತು ಬಂದ್. ಅವ್ವ ಪಾತ್ರೆ ಜೋರಾಗಿ ಇಡ್ತಾ ಇದ್ರು.

ನಾನು ತಿಂಗಳಿಗೆ ಒಂದು ಸಲ ಬರೋನು, ನನಗೆ ಬಾಯಿ ಹಾಕುವ ಹಕ್ಕೂ ಇಲ್ಲ. ಆದ್ರೂ ಕೇಳ್ತೇನೆ. ಈಗ ಕೊಡಗಲ್ಲಿ ಹೊಸದಾಗಿ ಕಿತ್ತಳೆ ಇಟ್ಟು ಬದುಕಿಸಿದವರು ಯಾರಾದ್ರೂ ಇದ್ದೀರಾ?

ಪೊಲಿಬೆಟ್ಟ_ಪೆಪ್ಪರ್

ರೋಬಸ್ಟಕ್ಕೆ ಈಗಿನ ರೇಟು ಇರುವಾಗ ಕಿತ್ತಳೆ ಮಾತು ಯಾಕೆ? ಖಾಲಿ ಜಾಗಕ್ಕೆ ಕಾಫಿ ಗಿಡ ತುಂಬಿಸಿ, ಮುಗೀತು.

ಅಮ್ಮತ್ತಿ_ಅಕ್ಕ

@ಪೊಲಿಬೆಟ್ಟ ನಿಮಗೆ ಯಾವ ಪ್ರಶ್ನೆ ಕೇಳಿದ್ರೂ ಉತ್ತರ ರೋಬಸ್ಟ.

ತಮ್ಮಾ, ಹೊಸ ಗಿಡದ ಮಾತು ಆಮೇಲೆ. ಹಳೇ ಮರ ಯಾಕೆ ಸಾಯ್ತಾ ಉಂಟು ಅಂತ ಮೊದಲು ನೋಡಿ. ಅದೇ ಜಾಗದಲ್ಲಿ ಅದೇ ಕಾರಣ ಇಟ್ಕೊಂಡು ಮತ್ತೆ ಗಿಡ ಇಟ್ರೆ ನಾಲ್ಕು ವರ್ಷಕ್ಕೆ ಮತ್ತೆ ಎಣಿಸ್ತೀರಿ. ಎಲೆ ಹೇಗುಂಟು? ಬುಡದಲ್ಲಿ ಅಂಟು ಸೋರ್ತದಾ? ಕಾಂಡದಿಂದ ಮರದ ಹುಡಿ ಬೀಳ್ತದಾ? ಈ ಮೂರೂ ನೋಡಿ ಬರೀರಿ.

ನಿವೃತ್ತ_ಮೇಷ್ಟ್ರು

ಅಕ್ಕ ಕೇಳಿದ್ದು ಸರಿ. ಎಲೆ ಹಳದಿ ಆಯ್ತು ಅಂದ ಕೂಡಲೇ ಎಲ್ಲರೂ ಗ್ರೀನಿಂಗ್ ರೋಗ ಅಂತಾರೆ, ಹಾಗಲ್ಲ. ಸತುವಿನ ಕೊರತೆ ಆದ್ರೆ ಎಲೆ ಸಣ್ಣದಾಗ್ತದೆ, ನರ ಹಸಿರಾಗಿಯೇ ಇದ್ದು ನಡುವಿನ ಜಾಗ ಹಳದಿ ಆಗ್ತದೆ, ಎಡಕ್ಕೂ ಬಲಕ್ಕೂ ಒಂದೇ ಥರ. ಗ್ರೀನಿಂಗ್ ಆದ್ರೆ ಎಡ ಬಲಕ್ಕೆ ಹೊಂದಿಕೆ ಇರೋದಿಲ್ಲ. ಯಾರೋ ಹಳದಿ ಬಣ್ಣವನ್ನ ಅಡ್ಡಾದಿಡ್ಡಿ ಚೆಲ್ಲಿದ ಹಾಗೆ. ಹಣ್ಣು ಒಂದು ಬದಿಗೆ ಸೊಟ್ಟ, ಒಳಗೆ ಬೀಜ ಜೊಳ್ಳು, ತೊಟ್ಟಿನ ಕಡೆ ಬಣ್ಣ ಬಂದ್ರೂ ಕೆಳಗಿನ ತುದಿ ಹಸಿರಾಗಿಯೇ ಉಳೀತದೆ. ಇದು ಬಂದ ಮರಕ್ಕೆ ಔಷಧಿ ಇಲ್ಲ. ಕಡಿದು ತೆಗೀಬೇಕು.

ಸಿಟ್ರಸ್ ಸಿಲ್ಲಿಡ್ ಅಂತ ಒಂದು ಸಣ್ಣ ಕೀಟ ಇದನ್ನ ಹರಡೋದು. ಎಳೇ ಚಿಗುರಿನ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂತಿರ್ತದೆ. ಮನೆ ಹಿಂದೆ ಕರಿಬೇವು ಇದ್ರೆ ಅದನ್ನೂ ಕಡೀಬೇಕು, ರೋಗ ಅಲ್ಲಿಂದಲೇ ಬರೋದು.

ಕಸಿಕತ್ತಿ

ಮೇಷ್ಟ್ರೇ, ಕೊನೇ ವಾಕ್ಯಕ್ಕೆ ನನ್ನ ತಕರಾರು. ಕರಿಬೇವಲ್ಲಿ ಆ ಕೀಟ ಮರಿ ಮಾಡ್ತದೆ, ಒಪ್ಪಿದೆ. ಆದ್ರೆ ರೋಗಾಣು ಬರೋದು ರೋಗ ಹಿಡಿದ ಕಿತ್ತಳೆ, ನಿಂಬೆ ಜಾತಿಯ ಮರದಿಂದ. ಪಕ್ಕದ ತೋಟದಲ್ಲಿ ಬಿಟ್ಟುಹೋದ ಒಂದು ಕಾಯಿಲೆ ಮರ ಇದ್ರೆ ಸಾಕು. ಇನ್ನೊಂದು, ಕಾಯಿಲೆ ಮರದಿಂದ ಕಸಿಕಡ್ಡಿ ತೆಗೆದ್ರೆ ನರ್ಸರಿ ಗಿಡದ ಜೊತೆಗೇ ರೋಗವೂ ಮನೆಗೆ ಬರ್ತದೆ. ಜನ ಕರಿಬೇವು ಕಡಿದು, ಗುರುತಿಲ್ಲದ ನರ್ಸರಿಯಿಂದ ಗಿಡ ತಂದು ಇಡ್ತಾರೆ.

ಅವ್ವಂದಿರ ಒಗ್ಗರಣೆಗೆ ಕೈ ಹಾಕ್ಬೇಡಿ. ಚಿಗುರು ಬಂದಾಗ ಕರಿಬೇವನ್ನೂ ಸೇರಿಸಿ ಸಿಂಪಡಿಸಿದ್ರೆ ಆಯ್ತು.

ನಿವೃತ್ತ_ಮೇಷ್ಟ್ರು

ತಿದ್ದುಪಡಿ ಒಪ್ಪಿದೆ. ಕರಿಬೇವು ಮರಕ್ಕೆ ಜೀವದಾನ.

ಅಮ್ಮತ್ತಿ_ಅಕ್ಕ

@ಕಸಿಕತ್ತಿ ಸಿಂಪಡಿಸಿದ ಕರಿಬೇವನ್ನ ಮರುದಿನವೇ ಸಾರಿಗೆ ಹಾಕ್ಲಿಕ್ಕೆ ಹೇಳ್ಬೇಡಿ ಮತ್ತೆ.

ಸಿದ್ದಾಪುರದ_ಮಗ

ಅಪ್ಪನ ಹತ್ತಿರ ಫೋನಲ್ಲಿ ಕೇಳಿದೆ. ನಾಲ್ಕು ಮರದ ಕಾಂಡದಲ್ಲಿ ತೂತು, ಕೆಳಗೆ ಹುಡಿ. ಎರಡರ ಬುಡದಲ್ಲಿ ಅಂಟು. ಎಲೆ ವಿಷಯ ಕೇಳಿದ್ರೆ "ಎಲೆ ಎಲೆ ಥರ ಉಂಟು" ಅಂದ್ರು.

ಏಣಿ_ಹಿಡಿದವನು

ನಾನು ಬೇರೆ ಒಂದು ಮಾತು ಹೇಳ್ತೇನೆ, ಬಯ್ಯಬೇಡಿ. ನಮ್ಮ ತೋಟದ ಕಿತ್ತಳೆ ರೋಗದಿಂದ ಹೋಯ್ತು ಅಂತ ನಾವು ಇಪ್ಪತ್ತು ವರ್ಷದಿಂದ ಹೇಳ್ಕೊಂಡು ಬಂದಿದ್ದೇವೆ. ಈಗ ಕೂತು ಯೋಚಿಸಿದ್ರೆ ಅರ್ಧ ಮರ ಸತ್ತದ್ದು ನಮಗೆ ಪುರುಸೊತ್ತಿಲ್ಲದೆ.

ವರ್ಷದ ಲೆಕ್ಕ ಹಾಕಿ ನೋಡಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ. ಅದೇ ಮಳೆಗೆ ಕಿತ್ತಳೆಯೂ ಹೂ ಬಿಡ್ತದೆ, ಆದ್ರೆ ಯಾರೂ ಅದರ ಕಡೆ ತಲೆ ಎತ್ತಿ ನೋಡೋದಿಲ್ಲ, ಎಲ್ಲರದ್ದೂ ಒಂದೇ ಪ್ರಶ್ನೆ, ನಿಮ್ಮಲ್ಲಿ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಮಳೆ ಬಿತ್ತು. ಮೇ ತಿಂಗಳಲ್ಲಿ ಕಿತ್ತಳೆಗೆ ಬೋರ್ಡೊ ಹೊಡೀಬೇಕು, ಬುಡದಿಂದ ಸೊಂಟದ ಎತ್ತರದವರೆಗೆ ಪೇಸ್ಟು ಬಳೀಬೇಕು. ಆಗ ಆಳುಗಳು ಮರ ಕಪಾತಿಗೆ (ನೆರಳಿನ ಮರದ ಕೊಂಬೆ ಕಡಿಯಲಿಕ್ಕೆ). ಮಳೆ ಹಿಡಿದ ಮೇಲೆ ಬುಡದಲ್ಲಿ ನೀರು ನಿಲ್ಲದ ಹಾಗೆ ಚರಂಡಿ ಬಿಡಿಸಬೇಕು. ಆಗ ಗದ್ದೆ ನಾಟಿ, ಕೈಲ್‌ಪೊಳ್ದ್ ಹಬ್ಬ ಕಳೆಯುವ ತನಕ ತೋಟದ ಆ ಮೂಲೆಗೆ ಯಾರೂ ಹೋಗೋದಿಲ್ಲ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಆಗುವ ಹೊತ್ತಿಗೆ ಅತ್ತ ಅರೇಬಿಕಾ ಮುಗಿದಿರೋದಿಲ್ಲ, ಇತ್ತ ರೋಬಸ್ಟ ಕೆಂಪಾಗಿರ್ತದೆ. ಆ ದಿನ ಒಬ್ಬ ಆಳನ್ನ ಕಾಫಿ ಕೊಯ್ಲಿಂದ ಬಿಡಿಸಿ ಕಿತ್ತಳೆ ಮರ ಹತ್ತಿಸಿ ನೋಡುವ! ಹಣ್ಣು ಮರದಡಿಯಲ್ಲೇ ಉದುರಿ ಕೊಳೀತದೆ. ಕೊಳೆತದ್ದರಲ್ಲಿ ಹಣ್ಣುನೊಣ. ಮುಂದಿನ ವರ್ಷ ಇನ್ನೂ ಕಮ್ಮಿ ಹಣ್ಣು. ಕಮ್ಮಿ ಹಣ್ಣು ಬಿಡುವ ಮರಕ್ಕೆ ಯಾರು ಗೊಬ್ಬರ ಹಾಕ್ತಾರೆ?

ಅಜ್ಜನ ಕಾಲದಲ್ಲಿ ಹೀಗಿರಲಿಲ್ಲ, ಯಾಕಂದ್ರೆ ದುಡ್ಡಿನ ದಾರಿ ಬೇರೆ ಇತ್ತು. ಕಾಫಿಯನ್ನ ಕಾಫಿ ಬೋರ್ಡಿನ ಪೂಲಿಗೆ (ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುವ ಕ್ರಮ) ಹಾಕಬೇಕಿತ್ತು, ದುಡ್ಡು ಕಂತು ಕಂತಲ್ಲಿ ಬರೋದು. ಕಿತ್ತಳೆ ಹಾಗಲ್ಲ. ವ್ಯಾಪಾರಿ ಕಾಯಿ ಹಸಿರಿರುವಾಗಲೇ ಬಂದು ಮರ ನೋಡಿ ಗುತ್ತಿಗೆ ಹಿಡಿದು, ಜಗಲಿಯಲ್ಲಿ ಕೂತು ನೋಟು ಎಣಿಸಿ ಕೊಡ್ತಿದ್ದ. ಕೊಯ್ಯೋದು, ಹೊರೋದು ಎಲ್ಲ ಅವನದ್ದೇ. ಹುತ್ತರಿ ಖರ್ಚು, ಮಕ್ಕಳ ಫೀಸು ಆ ದುಡ್ಡಲ್ಲಿ. 1990ರ ದಶಕದಲ್ಲಿ ಪೂಲಿಂಗ್ ಹೋಗಿ ಕಾಫಿಯನ್ನ ನಾವೇ ಮಾರುವ ಹಾಗಾಯ್ತು, ಕೈಗೆ ಒಟ್ಟಿಗೆ ದುಡ್ಡು ಬಂತು, ಅವತ್ತಿಂದ ಎಲ್ಲರ ಕಣ್ಣು ಕಾಫಿ ಮೇಲೆ.

ಹಾಗಾಗಿ ಅಪ್ಪನ ಹತ್ತಿರ ಗಿಡ ಎಷ್ಟು ಅಂತ ಕೇಳ್ಬೇಡಿ. ಡಿಸೆಂಬರಲ್ಲಿ ಯಾರು ಕೊಯ್ತಾರೆ ಅಂತ ಕೇಳಿ.

ಪೊಲಿಬೆಟ್ಟ_ಪೆಪ್ಪರ್

ಅದನ್ನೇ ನಾನು ಎರಡು ಸಾಲಲ್ಲಿ ಹೇಳಿದ್ದು.

ನಿವೃತ್ತ_ಮೇಷ್ಟ್ರು

@ಏಣಿ ಚೆನ್ನಾಗಿ ಬರೆದಿದ್ದೀರಿ, ಆದ್ರೆ ಕಾಲದ ಲೆಕ್ಕ ಪೂರ್ತಿ ಕೂಡೋದಿಲ್ಲ. ಕಿತ್ತಳೆ ಸೊರಗಲಿಕ್ಕೆ ಶುರುವಾದದ್ದು 1990ರಲ್ಲಿ ಅಲ್ಲ. ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದವರು ಅದಕ್ಕೂ ಎಷ್ಟೋ ಮೊದಲಿಂದ ಇದರ ಹಿಂದೆ ಬಿದ್ದಿದ್ದಾರೆ. ಟ್ರಿಸ್ಟೆಜಾ ವೈರಸ್, ಗ್ರೀನಿಂಗ್, ಬೇರುಕೊಳೆ ಮೂರೂ ಒಟ್ಟು ಸೇರಿ ಮರ ತಿಂದದ್ದು. ಪುರುಸೊತ್ತು ಇದ್ದವರ ಮರವೂ ಹೋಗಿದೆ. ನಮ್ಮದೂ.

ಏಣಿ_ಹಿಡಿದವನು

ಇರಬಹುದು ಮೇಷ್ಟ್ರೇ. ರೋಗ ಮೊದಲೇ ಇತ್ತು, ನೋಡಿಕೊಳ್ಳುವವರು ಆಮೇಲೆ ಇಲ್ಲದಾದ್ರು ಅಂತ ಇಟ್ಕೊಳ್ಳುವ. ಆದ್ರೆ ಕಾಂಡಕೊರಕದ ತೂತು ವೈರಸ್ ಅಲ್ಲವಲ್ಲ. ತಂತಿ ಹಾಕಿ ಹುಳ ಎಳೆದು, ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ, ಮೇಲೆ ಮಣ್ಣು ಮೆತ್ತಿದ್ರೆ ಆಗುವ ಕೆಲಸ. ಒಂದು ಮರಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷ ಇರಲಿಲ್ಲ ನಮಗೆ.

ಜಯನಗರ_ಜಿಹ್ವೆ

ಕ್ಷಮಿಸಿ, ಮಧ್ಯ ಬಾಯಿ ಹಾಕ್ತಿದೀನಿ. ನಮ್ಮನೆ ಹತ್ರ ತಳ್ಳುಗಾಡಿಯಲ್ಲಿ ವರ್ಷವಿಡೀ "ಕೂರ್ಗ್ ಆರೆಂಜ್, ಕೂರ್ಗ್ ಆರೆಂಜ್" ಅಂತ ಕೂಗ್ತಾನೆ. ಅದು ನಿಜವಾದ್ದಾ?

ಅಮ್ಮತ್ತಿ_ಅಕ್ಕ

ನೀವು ತಿನ್ನೋದು ನಾಗಪುರದ್ದು ಇರಬಹುದು. ನಮ್ಮದರ ಸಿಪ್ಪೆ ಒಳಗಿನ ತೊಳೆಗೆ ಅಂಟಿಕೊಂಡಿರೋದಿಲ್ಲ, ಹೆಬ್ಬೆರಳು ಹಾಕಿದ್ರೆ ಅಂಗಿ ಬಿಚ್ಚಿದ ಹಾಗೆ ಬರ್ತದೆ. ಸಿಹಿ ಹಿಂದೆಯೇ ಒಂದು ಹುಳಿ. ಬೀಜ ಜಾಸ್ತಿ, ಮಕ್ಕಳು ಅಂಗಳದ ತುಂಬ ಉಗೀತಾರೆ. ಎಲ್ಲಕ್ಕಿಂತ ಮುಖ್ಯ, ನೋಡ್ಲಿಕ್ಕೆ ಅಂಥಾ ಚಂದ ಏನಿಲ್ಲ. ಹಸಿರು ಕಲೆ ಇರ್ತದೆ, ಮಳೆಗಾಲದ ಫಸಲಾದ್ರೆ ಇನ್ನೂ ಹಸಿರು. ಫಳಫಳ ಹೊಳೆಯುವ ಹಣ್ಣು ಕಂಡ್ರೆ ನನಗೆ ಸಂಶಯವೇ.

ಜಿಐ ಟ್ಯಾಗ್ ಏನೋ ಸಿಕ್ಕಿದೆ ಕೊಡಗಿನ ಕಿತ್ತಳೆಗೆ. ಹೆಸರು ಉಳೀತು, ಹಣ್ಣು ಎಲ್ಲಿ?

ಜಯನಗರ_ಜಿಹ್ವೆ

ನಾನು ಹತ್ತು ವರ್ಷದಿಂದ ನೆಂಟರಿಗೆಲ್ಲ ಕೂರ್ಗ್ ಆರೆಂಜ್ ಅಂತ ಕೊಟ್ಟು ಕೊಚ್ಚಿಕೊಂಡಿದೀನಿ ಮೇಡಂ.

ಕಸಿಕತ್ತಿ

ಇರಲಿ, ನೆಂಟರಿಗೆ ಹೇಳ್ಬೇಡಿ.

ಕಳ್ಳ_ಕಿತ್ತಳೆ

ಎಲ್ಲರೂ ಇಷ್ಟು ತಿಳಿದವರು ಸೇರಿದ್ದೀರಿ, ನಮ್ಮ ಮನೆ ಅವಮಾನವನ್ನೂ ಕೇಳಿ. ಎಂಟು ವರ್ಷ ಹಿಂದೆ 40 ಕಸಿಗಿಡ ತಂದು ಇಟ್ಟೆವು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸುಮಾರು ಒಣಗಿತು. ಆದ್ರೆ ಹನ್ನೆರಡು ಗಿಡ ಬುಡದಿಂದ ಮತ್ತೆ ಚಿಗುರಿತು. ಎಂಥಾ ಚಿಗುರು! ಮುಳ್ಳು, ದಟ್ಟ ಎಲೆ, ವರ್ಷಕ್ಕೆ ಆಳೆತ್ತರ. ನಮ್ಮ ಚಿಕ್ಕಪ್ಪ ಊರೆಲ್ಲ ಕರೆದು ತೋರಿಸಿದ್ರು, ನಾಟಿಹಸು ಸಗಣಿ ಮಹಿಮೆ ಅಂತ. ಮೊದಲ ಫಸಲು ಬಂತು. ಕೆಂಪು ಕೇಸರಿ ಬಣ್ಣ, ಸಿಪ್ಪೆಯೂ ಸಡಿಲ. ಚಿಕ್ಕಪ್ಪ ಪೂಜೆ ಮಾಡಿ ಒಂದು ತೊಳೆ ಬಾಯಿಗೆ ಹಾಕಿಕೊಂಡ್ರು. ಆ ಮುಖ ನಾನು ಸಾಯುವ ತನಕ ಮರೆಯೋದಿಲ್ಲ.

ಕಸಿಕತ್ತಿ

ರಂಗ್‌ಪುರ್ ಲೈಮ್ 😂 ಮೇಲೆ ಕಸಿ ಕಟ್ಟಿದ ಕಿತ್ತಳೆ ಸತ್ತು, ಕೆಳಗಿನ ಹುಳಿ ನಿಂಬೆ ಜಾತಿಯ ಬೇರುಗಿಡ ಬೆಳೆದದ್ದು. ಕಸಿಗಂಟಿನ ಕೆಳಗೆ ಬರುವ ಚಿಗುರನ್ನ ಬೆರಳಲ್ಲೇ ಮುರಿದು ಹಾಕ್ಬೇಕು, ಇಲ್ಲದಿದ್ರೆ ಅದು ಯಜಮಾನ ಆಗ್ತದೆ.

ಕಳ್ಳ_ಕಿತ್ತಳೆ

ಈಗ ಗೊತ್ತಾಯ್ತು ಅಣ್ಣ. ಆ ವರ್ಷ ನೆಂಟರಿಗೆಲ್ಲ ಉಪ್ಪಿನಕಾಯಿ.

ಬಾಣೆ_ಬದಿ

ಕಸಿ ಯಾಕೆ, ಬೀಜದ ಗಿಡ ಇಡಿ. ನಮ್ಮ ಅಜ್ಜಿ ಒಳ್ಳೆ ಮರದ ಹಣ್ಣು ಆರಿಸಿ, ಬೀಜ ಒಣಗಲಿಕ್ಕೆ ಬಿಡದೆ ಬೂದಿಯಲ್ಲಿ ಹೊರಳಿಸಿ ಆ ವಾರವೇ ಪಾತಿಗೆ ಹಾಕ್ತಿದ್ರು. ಒಂದು ಬೀಜದಿಂದ ಎರಡು ಮೂರು ಮೊಳಕೆ ಬರ್ತಿತ್ತು, ಕುಳ್ಳಗಿರೋದನ್ನ ಕಿತ್ತು ಬಿಸಾಡ್ತಿದ್ರು. ಆ ಮರಗಳು ಐವತ್ತು ವರ್ಷ ಬಾಳಿದವು.

ಕಸಿಕತ್ತಿ

ಅಜ್ಜಿಗೆ ವಿಜ್ಞಾನವೂ ಗೊತ್ತಿತ್ತು ಅನ್ನಿ. ಕಿತ್ತಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರ್ತದೆ, ಹೆಚ್ಚಿನವು ತಾಯಿಮರದ ಪಡಿಯಚ್ಚು. ಹಾಗಾಗಿ ಬೀಜದ ಗಿಡವೂ ತಾಯಿಯ ಹಾಗೇ ಹಣ್ಣು ಕೊಡ್ತದೆ. ಬೀಜದ ಮೂಲಕ ಗ್ರೀನಿಂಗ್ ಬರುವ ಭಯವೂ ಇಲ್ಲ. ತೊಂದರೆ ಎರಡು. ಹಣ್ಣಿಗೆ ಏಳೆಂಟು ವರ್ಷ ಕಾಯ್ಬೇಕು, ಆಮೇಲೆ ಮರ ಎಷ್ಟು ಎತ್ತರ ಹೋಗ್ತದೆ ಅಂದ್ರೆ ಬಿದಿರೇಣಿ ಹಿಡಿಯುವವನು ಬೇಕು.

ಏಣಿ_ಹಿಡಿದವನು

ಹಾಜರ್. ಆದ್ರೆ ಸೊಂಟ ನೋವು.

ಸುಂಟಿಕೊಪ್ಪ_ಬಟರ್

ಯಾರೂ ಬೆಣ್ಣೆಹಣ್ಣಿನ ಪರ ಮಾತಾಡ್ಲಿಲ್ಲ, ಹಾಗಾಗಿ ನಾನು. ಐದು ವರ್ಷ ಹಿಂದೆ ಕಸಿಗಿಡ ಇಟ್ಟದ್ದು, ಹೋದ ವರ್ಷದಿಂದ ಹಣ್ಣು. ಚೆಟ್ಟಳ್ಳಿಯಿಂದ ಬಂದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎರಡೂ ತಳಿ ಉಂಟು ನಮ್ಮಲ್ಲಿ. ದೊಡ್ಡ ಅನುಕೂಲ ಎಂಥ ಗೊತ್ತಾ? ಹಣ್ಣು ಬರೋದು ಮಳೆಗಾಲದ ಹೊತ್ತಿಗೆ, ಕಾಫಿ ಕೊಯ್ಲಿಗೂ ಇದಕ್ಕೂ ಜಗಳ ಇಲ್ಲ. ಇನ್ನೊಂದು, ಕಾಯಿ ಬಲಿತ ಮೇಲೂ ಮರದಲ್ಲಿ ಮೆತ್ತಗಾಗೋದಿಲ್ಲ, ಕೊಯ್ದ ಮೇಲೇ ಹಣ್ಣಾಗೋದು. ಎರಡು ದಿನ ಆಳು ಬರ್ಲಿಲ್ಲ ಅಂದ್ರೆ ತಲೆ ಕೆಡಿಸ್ಕೊಳ್ಬೇಕಿಲ್ಲ. @ಏಣಿಯವರ ಲೆಕ್ಕದಲ್ಲೇ ನೋಡಿದ್ರೆ ಭಾವ ಹೇಳಿದ್ದು ಸರಿ.

ರಂಬುಟಾನ್ ಕೂಡ ನೋಡಿ. ಅರ್ಕಾ ಕೂರ್ಗ್ ಅರುಣ್ ಅಂತ ಕೆಂಪು, ಅರ್ಕಾ ಕೂರ್ಗ್ ಪತಿಬ್ ಅಂತ ಹಳದಿ.

ಅಮ್ಮತ್ತಿ_ಅಕ್ಕ

ನಿಮ್ಮ ಜಾಗ ಇಳಿಜಾರು ಇರಬೇಕು. ನಮ್ಮಲ್ಲಿ ತಗ್ಗಲ್ಲಿ ಇಟ್ಟ ಬೆಣ್ಣೆಹಣ್ಣು 2018ರ ಆಗಸ್ಟಲ್ಲಿ ಒಂದೇ ವಾರಕ್ಕೆ ಬೇರು ಕೊಳೆತು ನಿಂತಲ್ಲೇ ಹೋಯ್ತು. ಕಿತ್ತಳೆಯ ಬೇರು ಕೊಳೆಸುವ ಶಿಲೀಂಧ್ರದ ಸಂಬಂಧಿಕರೇ ಇದಕ್ಕೂ ಬರೋದು, ಫೈಟೊಫ್ತೊರ. ಕಿತ್ತಳೆ ಸತ್ತ ಗುಂಡಿಗೇ ಬೆಣ್ಣೆಹಣ್ಣು ಇಡುವ ಬುದ್ಧಿವಂತರೂ ಇದ್ದಾರೆ ನಮ್ಮೂರಲ್ಲಿ.

ಗೇಜ್_ನೋಡಿದ್ರಾ

2018 ಅಂದ್ರಲ್ಲ ಅಕ್ಕ, ಮಾದಾಪುರ ಕಡೆ ನನ್ನ ತಂಗಿ ಮನೆ. ಮಳೆ ಗೇಜು ತುಂಬಿ ಚೆಲ್ಲಿದ ಮೇಲೆ ಭಾವ ಅಳೆಯೋದು ನಿಲ್ಲಿಸಿದ್ರು. ಗುಡ್ಡ ಜಾರಿದ್ದು ಅದರ ಮರುದಿನ. ಮನೆಗೆ ಏನೂ ಆಗ್ಲಿಲ್ಲ, ಕೆಳಗಿನ ಕಿತ್ತಳೆ ಪಟ್ಟಿ ಪೂರ್ತಿ ಹೊಳೆಗೆ ಹೋಯ್ತು. ಈಗಲೂ ಅವರ ಮನೇಲಿ ಮಳೆಯ ಡೈರಿಯಲ್ಲಿ ಆ ವಾರದ ಪುಟ ಖಾಲಿ.

ಅಮ್ಮತ್ತಿ_ಅಕ್ಕ

ಗೊತ್ತುಂಟು ತಮ್ಮಾ. ಆ ಕಡೆ ನಮ್ಮವರೂ ಇದ್ರು.

ಆನೆ_ದಾರಿ

ನೀವೆಲ್ಲ ಹಣ್ಣಿನ ಮಾತಾಡ್ತಿದ್ದೀರಿ. ನಮ್ಮಲ್ಲಿ ಹಣ್ಣಿನ ಋತು ತೀರ್ಮಾನ ಮಾಡೋದು ಆನೆ. ಹಲಸು ಹಣ್ಣಾದ್ರೆ ಬಂತು ಅಂತ ಲೆಕ್ಕ. ಎಳೇ ಹಲಸನ್ನ ನಾವೇ ಕಡಿದು ಹಾಕ್ತೇವೆ, ತಿನ್ನಲಿಕ್ಕೆ ಮನಸ್ಸು ಬಾರದೆ. ಆನೆ ಹಲಸಿಗೆ ಬಂದು ಹೋಗುವಾಗ ದಾರಿಯ ಕಾಫಿ, ಹೊಸ ಗಿಡ, ಪೈಪು ಎಲ್ಲ ಲೆಕ್ಕ ಚುಕ್ತಾ. ಸಿದ್ದಾಪುರ ಅಂದ್ರೆ ನಿಮಗೆ ಹೇಳ್ಬೇಕಾಗಿಲ್ಲ. ಹೊಸ ಗಿಡ ಹಲಸಿನ ಮರದ ಸಾಲಲ್ಲಿ ಮಾತ್ರ ಬೇಡ.

ಸಿದ್ದಾಪುರದ_ಮಗ

ಹೌದು, ನಮ್ಮ ಆಳುಗಳ ಲೈನ್‌ಮನೆ ಹಿಂದಿನ ಬೇಲಿ ಈ ವರ್ಷ ಎರಡು ಸಲ ಹೋಯ್ತು.

ಬಾಣೆ_ಬದಿ

ಕಿತ್ತಳೆಗೆ ಆನೆಗಿಂತ ಪತಂಗದ ಕಾಟ. ರಾತ್ರಿ ಬಂದು ಹಣ್ಣಿಗೆ ಸೂಜಿ ಹಾಕಿದ ಹಾಗೆ ಚುಚ್ಚಿ ರಸ ಹೀರ್ತದೆ. ಬೆಳಿಗ್ಗೆ ನೋಡಿದ್ರೆ ಹಣ್ಣು ಚೆನ್ನಾಗಿಯೇ ಕಾಣ್ತದೆ, ಎರಡು ದಿನಕ್ಕೆ ತೂತಿನ ಸುತ್ತ ಮೆತ್ತಗಾಗಿ ಉದುರ್ತದೆ. ನಾವು ಮಕ್ಕಳಾಗಿದ್ದಾಗ ಸಂಜೆ ಹೊತ್ತು ಹಸಿಸೊಪ್ಪು ಹಾಕಿ ಹೊಗೆ ಎಬ್ಬಿಸೋದು ನಮ್ಮ ಕೆಲಸ. ಕಣ್ಣು ಉರಿ, ಮೈಯೆಲ್ಲ ಹೊಗೆ ವಾಸನೆ, ಆದ್ರೆ ಓದಲಿಕ್ಕೆ ಕೂರಬೇಕಿಲ್ಲ ಅಂತ ಖುಷಿ.

ಜಯನಗರ_ಜಿಹ್ವೆ

ಬೋರ್ಡೊ ಬೋರ್ಡೊ ಅಂತೀರಲ್ಲ, ಅದು ವೈನ್ ಅಲ್ವಾ?

ನಿವೃತ್ತ_ಮೇಷ್ಟ್ರು

ಊರು ಅದೇ ಮಹರಾಯರೇ, ಫ್ರಾನ್ಸಿನದ್ದು. ಅಲ್ಲಿಯ ದ್ರಾಕ್ಷಿ ತೋಟದಿಂದಲೇ ಈ ಔಷಧಿ ಬಂದದ್ದು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯಬೇಕು, ತಿರುಗುಮುರುಗು ಅಲ್ಲ. ಕಬ್ಬಿಣದ ಪಾತ್ರೆ ಬೇಡ. ಕೊನೆಗೆ ಚಾಕು ಅದ್ದಿ ನೋಡಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತ್ರೆ ಇನ್ನೂ ಸುಣ್ಣ ಬೇಕು ಅಂತ. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಕುಡಿಯಬೇಡಿ.

ಮಡಿಕೇರಿ_ಮಂಜು

ಯಾರ ಮನೇಲಾದ್ರೂ ಕೈಪುಳಿ (ಕಹಿಹುಳಿ ಕಿತ್ತಳೆ) ಮರ ಉಂಟಾ? ನಮ್ಮ ಅತ್ತೆಗೆ ಪಜ್ಜಿ (ಚಟ್ನಿ ಥರದ್ದು) ಮಾಡ್ಲಿಕ್ಕೆ ಬೇಕಂತೆ. ಪೇಟೆಯಲ್ಲಿ ಕೇಳಿದ್ರೆ ನಿಂಬೆಹಣ್ಣು ತೋರಿಸ್ತಾರೆ.

ಅಮ್ಮತ್ತಿ_ಅಕ್ಕ

ನಮ್ಮಲ್ಲಿ ಉಂಟು, ಸುಳ್ಯದ ಬಸ್ಸಿಗೆ ಕೊಟ್ಟು ಕಳಿಸ್ತೇನೆ ಅಂದ್ರೆ ನೀವು ಮಡಿಕೇರಿ ಸ್ಟ್ಯಾಂಡಲ್ಲಿ ಇಳಿಸ್ಕೊಳ್ತೀರಾ? ವಿಚಿತ್ರ ನೋಡಿ, ಆ ಕಹಿಹುಳಿ ಮರಕ್ಕೆ ಯಾರೂ ಒಂದು ಹಿಡಿ ಗೊಬ್ಬರ ಹಾಕಿದ್ದಿಲ್ಲ, ಅದು ಮಾತ್ರ ಗಟ್ಟಿಯಾಗಿ ನಿಂತಿದೆ.

ಸಿದ್ದಾಪುರದ_ಮಗ

ಮೂರು ವಾರ ಆದ ಮೇಲೆ ಬರೀತಿದ್ದೇನೆ, ಕ್ಷಮಿಸಿ. ಹೋದ ಶನಿವಾರ ಊರಿಗೆ ಹೋಗಿದ್ದೆ. ಇಲ್ಲಿಯ ಮಾತೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬೋರ್ಡೊ ಭಾಗಕ್ಕೆ "ಇದು ನಂಗೆ ಗೊತ್ತು" ಅಂದ್ರು. ಗ್ರೀನಿಂಗ್ ಭಾಗಕ್ಕೆ ಎದ್ದು ಹೋಗಿ ಟಾರ್ಚು ತಂದ್ರು. ಇಬ್ಬರೂ ಸಂಜೆಯಲ್ಲೇ ಹೋಗಿ 17 ಮರದ ಎಲೆ ನೋಡಿದೆವು. ಮೂರರಲ್ಲಿ ಮೇಷ್ಟ್ರು ಹೇಳಿದ ಥರವೇ ಅಡ್ಡಾದಿಡ್ಡಿ ಹಳದಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ಹಿಡ್ಕೊಂಡು ಹೋಗುವ ಅಂತ ತೀರ್ಮಾನ. ಕಾಂಡಕೊರಕದ ತೂತಿಗೆ ನಾನೇ ತಂತಿ ಹಾಕಿದೆ. ಹೆಬ್ಬೆರಳು ದಪ್ಪದ ಹುಳ ಬಂತು, ಅವ್ವ ಕೋಳಿಗೆ ಹಾಕಿದ್ರು.

ಕೊನೆಗೆ @ಏಣಿಯವರ ಪ್ರಶ್ನೆ ಕೇಳಿದೆ, ಡಿಸೆಂಬರಲ್ಲಿ ಯಾರು ಕೊಯ್ತಾರೆ ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ "ನೀನು ರಜೆ ಹಾಕ್ತೀಯಲ್ಲ, ಕ್ರಿಸ್ಮಸ್ಸಿಗೆ" ಅಂದ್ರು. ನಾನು ಹೂಂ ಅನ್ಲೂ ಇಲ್ಲ, ಇಲ್ಲ ಅನ್ಲೂ ಇಲ್ಲ.

ಈಗಿನ ಲೆಕ್ಕ: 100 ಅಲ್ಲ, 30 ಕಿತ್ತಳೆ. ತೋಟದೊಳಗೆ ಅಲ್ಲ, ಕಣದ ಮೇಲಿನ ಇಳಿಜಾರಲ್ಲಿ, ಕಾಫಿ ಒಣಗಿಸುವಾಗ ಕಣ್ಣಿಗೆ ಬೀಳುವ ಹಾಗೆ. ಅಂತರ 6 ಮೀಟರ್. ಭಾವನಿಗೆ ಲೈನ್‌ಮನೆ ಪಕ್ಕ ಹತ್ತು ಬೆಣ್ಣೆಹಣ್ಣು. ಭಾವ ಮತ್ತೆ ಊಟಕ್ಕೆ ಬಂದ್ರು.

ಪೊಲಿಬೆಟ್ಟ_ಪೆಪ್ಪರ್

30 ಗಿಡದ ನಡುವೆ ರೋಬಸ್ಟ ಹಾಕ್ಬಹುದು.

ಏಣಿ_ಹಿಡಿದವನು

ಕ್ರಿಸ್ಮಸ್ ರಜೆ ಬರೆದಿಡಿ. ಹಣ್ಣಿಗೆ ಇನ್ನು ನಾಲ್ಕೈದು ವರ್ಷ ಉಂಟು ಅಂತ ಈಗ ಹೂಂ ಅಂದು ಆಮೇಲೆ ಕೈ ಎತ್ತುವವರು ನಮ್ಮ ಮನೆಯಲ್ಲೂ ಇದ್ದಾರೆ.

ಕಸಿಕತ್ತಿ

ಗಿಡ ಇಡುವಾಗ ಕಸಿಗಂಟು ಮಣ್ಣಿಂದ ಒಂದು ಗೇಣು ಮೇಲೆ ಇರ್ಲಿ. @ಕಳ್ಳ_ಕಿತ್ತಳೆ ನೀವೂ ಬರ್ಕೊಳ್ಳಿ.

ಕಳ್ಳ_ಕಿತ್ತಳೆ

ಚಿಕ್ಕಪ್ಪನಿಗೆ ಓದಿ ಹೇಳಿದೆ. ಬಯ್ದ್ರು.

ಮಡಿಕೇರಿ_ಮಂಜು

ಕೈಪುಳಿ ಸಿಕ್ತು ಅಕ್ಕ, ಬಸ್ಸಿನ ಕಂಡಕ್ಟರ್ ಎರಡು ಇಟ್ಕೊಂಡ್ರು.

ಗೇಜ್_ನೋಡಿದ್ರಾ

ನಿನ್ನೆ ರಾತ್ರಿ ಗುಡುಗು ಎಲ್ಲ ಜೋರು, ಬೆಳಿಗ್ಗೆ ನೋಡಿದ್ರೆ ಗೇಜಲ್ಲಿ 40 ಸೆಂಟ್ಸ್. ಕಾಫಿ ಹೂವಿಗೆ ಸಾಲದು, ಸುಮ್ಮನಿರಲಿಕ್ಕೂ ಆಗೋದಿಲ್ಲ. ಅಮ್ಮತ್ತಿ, ಸಿದ್ದಾಪುರ ಕಡೆ ಎಷ್ಟಾಯ್ತು? ಯಾರಾದ್ರೂ ಸ್ಪ್ರಿಂಕ್ಲರ್ ಹಾಕ್ತಾ ಇದ್ದೀರಾ?